ಎರಡು ತೊಗರಿ ಗಿಡ, ಒಂದು ಶಬ್ದ

ನಮ್ಮ ಇಂಗ್ಲಿಷ್ ಮಾಸ್ತರು ಹೋದ ಸುದ್ದಿ ಬಂದಾಗ ನಾನು ಬೆಂಗಳೂರಿನಲ್ಲಿದ್ದೆ. ಮಣ್ಣಿಗೆ ಹೋಗಲು ಆಗಲಿಲ್ಲ. ಆ ಸಂಕಟ ಇನ್ನೂ ಇದೆ.

ಹತ್ತನೇ ತರಗತಿಯ ಪಾಠಗಳು ಈಗ ಒಂದೂ ನೆನಪಿಲ್ಲ. ಒಂದು ಶಬ್ದ ಮಾತ್ರ ಉಳಿದಿದೆ: ಲ್ಯಾಂಗ್ವಿಶ್. ಅದನ್ನು ಹೇಳಿಕೊಡಲು ಮಾಸ್ತರು ತಮ್ಮ ಹೊಲದಿಂದ ಎರಡು ತೊಗರಿ ಗಿಡ ಕಿತ್ತು, ಟವೆಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ಕಲಬುರಗಿಗೆ (ಆಗಿನ್ನೂ ಗುಲ್ಬರ್ಗಾ) ತಂದಿದ್ದರು. ಬೇರಿಗೆ ಮಣ್ಣು ಹಾಗೇ ಅಂಟಿತ್ತು. ಒಂದಕ್ಕೆ ನೆಟೆ ರೋಗ ಹತ್ತಿ, ಇಡೀ ಗಿಡ ನಿಂತಲ್ಲೇ ಒಣಗಿತ್ತು. ಕಾಂಡ ಸೀಳಿ ಒಳಗಿನ ಕಪ್ಪು ಗೆರೆ ತೋರಿಸಿದರು. ಇನ್ನೊಂದು ಹಸಿಯಿಲ್ಲದ ಮಡ್ಡಿ ನೆಲದ್ದು. ಹಸಿರೇನೋ ಇತ್ತು, ಆದರೆ ಗೇಣುದ್ದಕ್ಕೇ ನಿಂತುಬಿಟ್ಟಿತ್ತು.

"ನೆಟೆ ಹತ್ತಿದ್ದು ಸತ್ತದ. ಇದು ನೋಡ್ರಿ, ಸಾಯಂಗಿಲ್ಲ, ಬೆಳೆಯಂಗಿಲ್ಲ. ಇದಕ್ಕ ಲ್ಯಾಂಗ್ವಿಶ್ ಅಂತಾರ. ಕರ್ಮಪದ ಹಚ್ಚಬ್ಯಾಡ್ರಿ, ಇದು ತಾನೇ ಆಗೋದು."

ಮೂಲ ಲ್ಯಾಟಿನ್, ಬಲ ಕುಂದುವುದು ಅಂತ ಅರ್ಥ. ಜೈಲಿನಲ್ಲಿ ಕೊಳೆಯುವ ಕೈದಿಗೂ, ಕಪಾಟಿನಲ್ಲಿ ಬಿದ್ದ ಫೈಲಿಗೂ ಅದೇ ಶಬ್ದ. ನಾವು ಅದನ್ನು ಆ್ಯಂಗ್ವಿಶ್ (ಅಂದರೆ ತೀವ್ರ ಸಂಕಟ) ಜೊತೆ ಕಲಸಿಬಿಡುತ್ತಿದ್ದೆವು. ಅದಕ್ಕೆ ಬೋರ್ಡಿನ ಮೇಲೆ ಎರಡೇ ಕನ್ನಡ ಶಬ್ದ ಬರೆದರು: ಸೊರಗು, ಕೊರಗು. ಅಲ್ಲೂ ಪ್ರಾಸ, ಇಲ್ಲೂ ಪ್ರಾಸ! "ಕೊರಗಿನಾಗ ನೋವದ. ಸೊರಗಿನಾಗ ತ್ರಾಣ ಇಲ್ಲ."

ಮರುದಿನ ಟೆಸ್ಟ್. ತಪ್ಪಿಸಿಕೊಳ್ಳಲು ಹಿಂದಿನ ಬೆಂಚಿನ ಐವರೂ ಡೆಸ್ಕಿನ ಮೇಲೆ ತಲೆ ಹಾಕಿ ಮಲಗಿದೆವು. ಐಡಿಯಾ ನನ್ನದೇ. "ಲ್ಯಾಂಗ್ವಿಶ್ ಆಗೀವ್ರಿ ಸರ್" ಅಂದೆ. ಮಾಸ್ತರು ಬೈಯಲಿಲ್ಲ. ಹತ್ತಿರ ಬಂದು ಬಗ್ಗಿ ನೋಡಿದರು. "ಸೊರಗಿದವ ಕಳ್ಳಗಣ್ಣಿಲೆ ನೋಡಂಗಿಲ್ಲ ತಮ್ಮಾ. ಪೇಪರ್ ತಗೋ."

ಈಗಿನ ಮಕ್ಕಳು ಮೊಬೈಲಿನಲ್ಲಿ ಅರ್ಥ ನೋಡುತ್ತಾರೆ, ಸಂಜೆಗೆ ಮರೆಯುತ್ತಾರೆ. ತಪ್ಪು ಅವರದಲ್ಲ. ಗಿಡ ಹೊತ್ತು ತರುವಷ್ಟು ಪುರುಸೊತ್ತನ್ನು ಶಿಕ್ಷಕರಿಗೆ ನಾವು ಉಳಿಸಿಯೇ ಇಲ್ಲ, ಅಲ್ವಾ?

ನನ್ನ ಇಂಗ್ಲಿಷ್ ಟಿಪ್ಪಣಿಗಳನ್ನು ಆಫೀಸಿನಲ್ಲಿ ಹೊಸಬರಿಗೆ ಮಾದರಿಯಾಗಿ ತೋರಿಸುತ್ತಾರೆ. ಹೆಮ್ಮೆಯಿಂದಲೇ ಹೇಳುತ್ತೇನೆ. ನಮ್ಮ ಭಾಗದ ವಿಶೇಷ ಸ್ಥಾನಮಾನದ ಬೇಡಿಕೆ ಬಗ್ಗೆ ಒಮ್ಮೆ ಲೇಖನ ಬರೆದು, ಅದರಲ್ಲಿ ಲ್ಯಾಂಗ್ವಿಶ್ ಬಳಸಿ, ಮಾಸ್ತರಿಗೆ ಕಳಿಸಿದ್ದೆ. 2012ರ ಡಿಸೆಂಬರಿನಲ್ಲಿ ಸಂಸತ್ತು ಆ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿಗೆ ಒಪ್ಪಿಗೆ ಕೊಟ್ಟಿತು. ಆ ರಾತ್ರಿ ಅವರ ಫೋನ್ ಬಂತು. "ಆ ಶಬ್ದ ಈಗ ಹೊಡೆದು ಹಾಕು" ಅಂತ ನಕ್ಕರು. "ಈ ಸಲ ತೊಗರಿ ಚಲೋ ಅದ. ರಾಶಿಗೆ ಬಾ."

ಬರ್ತೀನ್ರಿ ಸರ್ ಅಂದಿದ್ದೆ. ಹೋಗಲಿಲ್ಲ.