ಬೈಯಲು ಒಬ್ಬ ಮೆಂಬರ್
ಈ ಮಂಗಳವಾರ ನಮ್ಮೂರ ಆರೋಗ್ಯ ಕೇಂದ್ರದಲ್ಲಿ ಬಿಪಿ ಮಾತ್ರೆ ಖಾಲಿ. ಚೀಟಿ ಹಿಡಿದಿದ್ದ ಅಜ್ಜನೊಬ್ಬ ಕಿಟಕಿಯ ಮುಂದೆ ಗಲಾಟೆ ಎಬ್ಬಿಸಿದರು. "ಪಂಚಾಯತ್ ಮೆಂಬರಿಗೆ ಫೋನ್ ಮಾಡ್ತೇನೆ. ವೋಟು ಕೇಳಲು ಬರಲಿ ಅವನು!" ತುಳು, ಕನ್ನಡ, ಮಲಯಾಳ ಮೂರರಲ್ಲೂ ಬೈದರು. ಕಾಸರಗೋಡಿನವರಿಗೆ ಇದೊಂದು ಅನುಕೂಲ.

ನನ್ನ ಪಕ್ಕದಲ್ಲಿದ್ದವರು ನಕ್ಕರು. "ಅಜ್ಜನ ಪುಣ್ಯ ಮಾರಾಯ್ರೆ. ಬೈಯಲು ಒಬ್ಬ ಮೆಂಬರ್ ಇದ್ದಾನೆ."

ಅವರು 2021ರವರೆಗೆ ಅಫ್ಘಾನಿಸ್ತಾನದಲ್ಲಿ ಸೇವಾಸಂಸ್ಥೆಯೊಂದರ ಔಷಧಿ ಗೋದಾಮು ನೋಡಿಕೊಳ್ಳುತ್ತಿದ್ದರು. ಸ್ವಲ್ಪ ಜಂಬದ ಮನುಷ್ಯ. ಆದರೆ ಆ ಮಾತು ತಲೆಯಿಂದ ಹೋಗ್ತಾ ಇಲ್ಲ. ಬೈಯಲು ಒಬ್ಬ ಮೆಂಬರ್!

ಅಲ್ಲಿ ಯುದ್ಧದ ನಂತರ ಸರ್ಕಾರಕ್ಕೆ ಆಸ್ಪತ್ರೆ ನಡೆಸುವ ಶಕ್ತಿಯೇ ಇರಲಿಲ್ಲ. 2003ರಲ್ಲಿ ಹೆರಿಗೆ, ಲಸಿಕೆ, ಕ್ಷಯದ ಚಿಕಿತ್ಸೆಯಂಥ ಮೂಲ ಸೇವೆಗಳ ಪಟ್ಟಿ ಮಾಡಿ, ಪ್ರಾಂತ್ಯವಾರು ಸೇವಾಸಂಸ್ಥೆಗಳಿಗೆ ಗುತ್ತಿಗೆ ಕೊಟ್ಟರು. ಕೊನೆಗೆ 34 ಪ್ರಾಂತ್ಯಗಳ ಪೈಕಿ 31 ಪ್ರಾಂತ್ಯಗಳು ಈ ಸಂಸ್ಥೆಗಳ ಕೈಯಲ್ಲೇ ಇದ್ದವು. ದುಡ್ಡು ವಿಶ್ವಬ್ಯಾಂಕ್, ಯುರೋಪ್, ಅಮೆರಿಕದ್ದು. ಕೆಲಸ ನಡೆಯಿತು, ಅದನ್ನು ಅಲ್ಲಗಳೆಯುವಂತಿಲ್ಲ. ರಸ್ತೆ ಇಲ್ಲದ ಊರಿಗೂ ಸೂಲಗಿತ್ತಿ ತಲುಪಿದಳು.

2021ರ ಆಗಸ್ಟ್‌ನಲ್ಲಿ ತಾಲಿಬಾನ್ ಬಂತು, ದುಡ್ಡು ನಿಂತಿತು. ಸೆಪ್ಟೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದಾಗ ಆ ಯೋಜನೆಯ ಕೇಂದ್ರಗಳಲ್ಲಿ ಪೂರ್ತಿ ನಡೆಯುತ್ತಿದ್ದದ್ದು ಶೇಕಡ 17 ಮಾತ್ರ. ಸಂಬಳ ಇಲ್ಲದೆಯೂ ಎಷ್ಟೋ ನರ್ಸ್‌ಗಳು ಕೆಲಸಕ್ಕೆ ಬಂದರು. ಆಮೇಲೆ ವಿಶ್ವಸಂಸ್ಥೆಯ ಕಡೆಯಿಂದ ಹಣ ಹರಿಯಿತು ನಿಜ. ಅಷ್ಟರವರೆಗೆ ಗರ್ಭಿಣಿ ಯಾರನ್ನು ಕೇಳಬೇಕಿತ್ತು? ನರ್ಸನ್ನೇ? ಅವಳ ಕೈಯಲ್ಲಿ ಏನಿದೆ?

"ಕೊಡುವವನಿಗೆ ರೋಗಿಯ ಮುಖ ಗೊತ್ತಿಲ್ಲ, ರೋಗಿಗೆ ಕೊಡುವವನ ಮುಖ ಗೊತ್ತಿಲ್ಲ" ಅಂದರು ಗೋದಾಮಿನವರು. ನಾವು ದಾನಿಗಳನ್ನು ಜಾಸ್ತಿ ಹೊಗಳುತ್ತೇವೆ ಅಂತ ನನಗೆ ಮೊದಲಿಂದಲೂ ಅನುಮಾನ. ಹಾಗಂತ ಸರ್ಕಾರ ಬರುವವರೆಗೆ ಕಾಯಿರಿ ಅಂತ ಹೆರಿಗೆ ನೋವಿನವಳಿಗೆ ಹೇಳುವುದಕ್ಕಾಗುತ್ತದಾ?

ದೂರದ ಕತೆ ಅಂದುಕೊಳ್ಳಬೇಡಿ. 2020ರ ಮಾರ್ಚ್‌ನಲ್ಲಿ, ಕೊರೋನಾ ಲಾಕ್‌ಡೌನ್ ಹೊತ್ತಿಗೆ, ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿಯಿತಲ್ಲ? ಡಯಾಲಿಸಿಸ್‌ಗೂ ಹೃದಯಕ್ಕೂ ನಾವು ನಂಬಿದ್ದು ಮಂಗಳೂರಿನ ಖಾಸಗಿ ಆಸ್ಪತ್ರೆಗಳನ್ನು. ದಾಟಲಾಗದೆ ಜನ ಸತ್ತರು. ನಮ್ಮ ಮೆಂಬರನ್ನು ಬೈದು ಏನು ಪ್ರಯೋಜನ? ಬೆಂಗಳೂರಿನ ಮಂತ್ರಿಗೆ ನಮ್ಮ ವೋಟು ಬೇಕಾಗಿಲ್ಲ. ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ವಿಷಯ ಹೋಗಬೇಕಾಯಿತು. ನಮಗೆ ಅಷ್ಟಾದರೂ ದಾರಿ ಇತ್ತು. ಕಂದಹಾರದ ಹೆಂಗಸು ವಾಷಿಂಗ್ಟನ್ನಿನ ಮೇಲೆ ಯಾವ ಕೋರ್ಟಿನಲ್ಲಿ ಕೇಸು ಹಾಕುತ್ತಾಳೆ?