ಎರಡು ದೋಣಿಯ ಮೇಲೆ ಕಾಲು

"ಅಕ್ಕಾರ, ಇಷ್ಟೆಲ್ಲಾ ಆದ್ರೂ ಹೆಂಗ ತಡಕೊಂಡ್ರಿ?" ಅಂಗಡಿಗೆ ಬಂದವರು, ಅದರಲ್ಲೂ ನೌಕರಿ ಬಿಟ್ಟು ಬೇರೆ ಏನಾದರೂ ಮಾಡೋಣ ಅನ್ನುವ ಹುಡುಗರು, ಕೇಳುವುದು ಇದನ್ನೇ. ಅವರಿಗೆ ಧೈರ್ಯದ ಕಥೆ ಬೇಕು. ನನ್ನ ಹತ್ತಿರ ಇರುವುದು ಅಪ್ಪನ ಒಂದು ಉದ್ರಿ ವಹಿ, ಸಾಲ ಕೊಟ್ಟದ್ದನ್ನು ಬರೆದಿಟ್ಟ ಪುಸ್ತಕ.

ಹಳೇ ಬಾಗಲಕೋಟೆಯ ಪೇಟೆಯಲ್ಲಿ ಅಪ್ಪ ಇಳಕಲ್ಲ ಸೀರೆ, ಗುಳೇದಗುಡ್ಡದ ಕುಪ್ಪಸದ ಖಣ ಮಾರುತ್ತಿದ್ದ. ಕೃಷ್ಣೆಗೆ ಕಟ್ಟಿದ ಆಲಮಟ್ಟಿ ಡ್ಯಾಮಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರಲ್ಲಿ. ಆ ನೀರು ಘಟಪ್ರಭೆಯಲ್ಲಿ ಹಿಂದಕ್ಕೆ ಏರಿ ನಮ್ಮ ಓಣಿ ಮುಟ್ಟಲು ದಶಕಗಳೇ ಹಿಡಿದವು. ಅಷ್ಟೂ ವರ್ಷ ಊರು "ಈ ಸಲ ಬರತೈತಿ" ಅಂತಲೇ ಬದುಕಿತು. ಗೋಡೆಗೆ ಸುಣ್ಣ ಬಳಿಯಲೂ ಜನ ಹಿಂದೆ ಮುಂದೆ ನೋಡುತ್ತಿದ್ದರು. ಮುಳುಗೋ ಮನೀಗಿ ಯಾಕ ಸುಣ್ಣ?

ಕಡೆಗೆ ಮನೆ ಮುಳುಗಡೆಗೆ ಹೋಯಿತು, ಎತ್ತರದಲ್ಲಿದ್ದ ಅಂಗಡಿ ಉಳಿಯಿತು. ಆದರೆ ಗಿರಾಕಿಗಳೇ ಮುಳುಗಡೆಯವರಿಗಾಗಿ ಕಟ್ಟಿದ ಹೊಸ ಊರು ನವನಗರಕ್ಕೆ ಹೊರಟುಹೋಗಿದ್ದರು. ಅಪ್ಪ ಬೆಳಿಗ್ಗೆ ಹಳೇ ಅಂಗಡಿ ತೆರೆಯುತ್ತಿದ್ದ, ಸಂಜೆ ಗಂಟು ಕಟ್ಟಿಕೊಂಡು ಬಂದು ನವನಗರದ ಮನೆಯ ಮುಂದಿನ ಕೋಣೆಯಲ್ಲಿ ಹರವುತ್ತಿದ್ದ. ಎರಡು ದೋಣಿ ಮೇಲೆ ಕಾಲಿಟ್ಟವ ನೀರಿಗೆ ಬೀಳತಾನ ಅಂತ ಮಂದಿ ನಕ್ಕರು. "ಎರಡು ದೀಪಾವಳಿ ನೋಡೂಣು" ಅಂದಿದ್ದ ಅಪ್ಪ. ಎರಡನೇ ದೀಪಾವಳಿ ಪೂಜೆ ಮುಗಿಸಿ ಹಳೇ ಅಂಗಡಿಗೆ ಬೀಗ ಹಾಕಿದ. ಗಾದೆಯ ಮಾತನ್ನು ನಾನು ನಂಬದಿರುವುದು ಅಂದಿನಿಂದ. ಬೀಳುವುದು, ಯಾವಾಗ ಕಾಲು ತೆಗೆಯಬೇಕು ಅಂತ ಮೊದಲೇ ಗೊತ್ತುಮಾಡಿಕೊಳ್ಳದವರು.

ಆ ಎರಡು ವರ್ಷ ಉದ್ರಿ ವಹಿಯಲ್ಲಿವೆ. ಹೆಸರಿನ ಮುಂದೆ ಬರೆದ "ಬೇವಿನ ಗಿಡದ ಹಿಂದಿನ ಮನಿ", "ಬಾವಿ ಓಣಿ" ಎಲ್ಲವಕ್ಕೂ ಕಾಟು ಹಾಕಿ, ಪಕ್ಕದಲ್ಲಿ ಕೆಂಪು ಪೆನ್ನಿನಿಂದ ಸೆಕ್ಟರ್ ನಂಬರ್ ಬರೆದಿದ್ದಾನೆ. ಬಾಕಿ ಕೇಳಲು ಹುಡುಕಿಕೊಂಡು ಹೋದವ ಅರ್ಧ ದುಡ್ಡು, ಅರ್ಧ ಹೊಸ ಉದ್ರಿ ತಂದ. ಅವರಿಗೆ ಖಣಕ್ಕಿಂತ ಫಾಲ್, ಪಿಕೋ ಬೇಕಿತ್ತು. ಅವ್ವ ಮಷೀನು ಕಲಿತಳು.

2020ರ ಲಾಕ್‌ಡೌನಿನಲ್ಲಿ ಅದೇ ವಹಿಯ ಫೋನ್ ನಂಬರುಗಳಿಗೆ ನಾನು ವಾಟ್ಸಾಪಿನಲ್ಲಿ ಖಣದ ಫೋಟೋ ಕಳಿಸಿದೆ. ಟ್ಯೂಬ್‌ಲೈಟಿನ ಕೆಳಗೆ ತೆಗೆದದ್ದು. ಗಿಣಿಹಸಿರು ಅಲ್ಲಿ ಮಂಕಾಗಿ, ಪಾಚಿ ಬಣ್ಣ ಕಾಣುತ್ತಿತ್ತು. ಅದನ್ನೇ ಮೆಚ್ಚಿ ತರಿಸಿಕೊಂಡವರು ನಾಲ್ಕು ಮಂದಿ ವಾಪಸ್ ಕಳಿಸಿದರು. ಆಮೇಲೆ ಮಾಳಿಗೆ ಮೇಲೆ, ಮುಂಜಾನೆ ಎಂಟರ ಬಿಸಿಲಿಗೆ ಹಾಸಿ ತೆಗೆಯತೊಡಗಿದೆ.

ಎಲ್ಲರಿಗೂ ಎರಡನೇ ದೋಣಿ ಸಿಗುವುದಿಲ್ಲ, ಅದೂ ಗೊತ್ತು. ಹೊಲ ನೀರಿಗೆ ಹೋದ ಮೇಲೆ ಅದರಲ್ಲಿ ಕೂಲಿ ಮಾಡುತ್ತಿದ್ದವರಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಅನ್ನುವ ಮಾತೆಲ್ಲಿಯದು? ಅವ್ವ ಕೂಡ ಹೊಂದಿಕೊಂಡಳು ಅಂತ ನಾನು ಹೇಳಲಾರೆ. ಕೊನೆತನಕ ಹಳೇ ಪೇಟೆಗೆ ಹೊರಟರೆ "ಊರಿಗೆ ಹೋಗಿ ಬರತೀನಿ" ಅನ್ನುತ್ತಿದ್ದಳು, ಸೆಕ್ಟರಿನ ಮನೆಯಲ್ಲಿ ನಿಂತುಕೊಂಡು.

ಹೋದ ವಾರ ಒಬ್ಬ ಹುಡುಗ ಬಂದಿದ್ದ. ಬೆಂಗಳೂರಿನ ಕೆಲಸ ಬಿಟ್ಟು ಇಲ್ಲೇ ಏನೋ ಶುರು ಮಾಡುತ್ತಾನಂತೆ. "ಎಷ್ಟು ತಿಂಗಳ ರೊಕ್ಕ ಐತಿ? ಯಾವ ದೀಪಾವಳಿತನಕ ನೋಡತಿ?" ಅಂದೆ. ತಲೆ ಕೆರೆದುಕೊಂಡ. "ಲೆಕ್ಕಾ ಹಾಕಿ ಹೇಳತೀನ್ರಿ ಅಕ್ಕಾರ" ಅಂದು, ತಂಗಿಗೆ ಎರಡು ಖಣ ತಗೊಂಡು ಹೋದ. ಉದ್ರಿ.