ಪುಡಿ ಉದುರಿದ್ದು ಮಂಚದಿಂದ, ಟೊಳ್ಳಾಗಿದ್ದು ಬಾಗಿಲು

ಮೇ ತಿಂಗಳ ಕೊನೆಯಲ್ಲಿ ಮಂಚದ ಕಾಲಿನ ಪಕ್ಕ ಒಂದು ಪುಟ್ಟ ಗುಡ್ಡೆ ಪುಡಿ ಕಂಡಿತು. ಮೈದಾಹಿಟ್ಟಿನಷ್ಟು ನುಣ್ಣಗಿತ್ತು. ಗುಡಿಸಿ ಹಾಕಿದೆ. ಮರುದಿನ ಮತ್ತೆ ಅಷ್ಟೇ. ಮೂರನೇ ದಿನ ಟಾರ್ಚ್ ಹಿಡಿದು ನೋಡಿದರೆ ಕಾಲಿನ ತುಂಬ ಗುಂಡುಸೂಜಿಯಲ್ಲಿ ಚುಚ್ಚಿದ ಹಾಗೆ ತೂತುಗಳು. "ಅಯ್ಯೋ, ಗೆದ್ದಲು!" ಎಂದು ಕೂಗಿದ್ದಕ್ಕೆ ಅತ್ತೆ ಅಡುಗೆಮನೆಯಿಂದಲೇ "ಒರಲೆಯೇನೇ?" ಎಂದರು. ಅವರು ತೀರ್ಥಹಳ್ಳಿ ಕಡೆಯವರು. ಶಿವಮೊಗ್ಗಕ್ಕೆ ಬಂದು ಎಷ್ಟು ವರ್ಷವಾದರೂ ಅವರ ಬಾಯಲ್ಲಿ ಅದು ಒರಲೆಯೇ.

ಹುಳ ಹೊಡೆಯುವವರಿಗೆ ಫೋನ್ ಮಾಡಿದೆ. ಒಬ್ಬ ಹುಡುಗ ಬಂದ. ಮೊಬೈಲ್ ಲೈಟಿನಲ್ಲಿ ಮಂಚ ನೋಡಿದ, ಎರಡು ಫೋಟೋ ತೆಗೆದ. ಐದೇ ನಿಮಿಷ. "ಮೇಡಂ, ಮನೆಯೆಲ್ಲ ಹರಡಿದೆ. 24 ಸಾವಿರ ಆಗುತ್ತೆ. ಇವತ್ತೇ ಬುಕ್ ಮಾಡಿದ್ರೆ ಡಿಸ್ಕೌಂಟ್." ಯಾವ ಔಷಧಿ ಎಂದು ಕೇಳಿದೆ. "ಹರ್ಬಲ್" ಎಂದ. ಯಾವ ಗಿಡದ್ದು ಎಂದೆ. ಆಫೀಸಿಗೆ ಕೇಳಿ ಹೇಳುತ್ತೇನೆ ಎಂದು ಹೋದವನು ಇವತ್ತಿಗೂ ಕೇಳುತ್ತಲೇ ಇದ್ದಾನೆ.

ಆಮೇಲೆ ನಮ್ಮ ಆಚಾರ್ರನ್ನು ಕರೆಸಿದೆವು. ಅಡುಗೆಮನೆಯ ಕಪಾಟು ಮಾಡಿಕೊಟ್ಟವರು. ಕೈಯಲ್ಲಿ ಒಂದು ಸ್ಕ್ರೂಡ್ರೈವರ್ ಬಿಟ್ಟರೆ ಏನೂ ಇಲ್ಲ. ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿ, "ಇದು ಕುಟ್ಟೆ ಅಮ್ಮ. ಗೆದ್ದಲು ಹೀಗೆ ಹಿಟ್ಟು ಉದುರಿಸಲ್ಲ" ಎಂದರು.

ಕುಟ್ಟೆ ಅಂದರೆ ಮರ ಕೊರೆಯುವ ಪುಟ್ಟ ದುಂಬಿ. ಮಂಚ ರಬ್ಬರ್ ಮರದ್ದು. ಆ ಮರದಲ್ಲಿ ಪಿಷ್ಟ ಜಾಸ್ತಿ, ಕುಟ್ಟೆಗೆ ಅದೇ ಊಟ. ಮರಿಹುಳ ಒಳಗೇ ಕೊರೆದುಕೊಂಡು ಬೆಳೆಯುತ್ತದೆ. ನಮಗೆ ಕಾಣುವ ತೂತು ಅದು ದೊಡ್ಡದಾಗಿ ಹೊರಗೆ ಹಾರಿಹೋದ ಬಾಗಿಲು. ಅಂದರೆ ನಾನು ಟಾರ್ಚ್ ಹಿಡಿದು ಹುಡುಕುವ ಹೊತ್ತಿಗೆ ಆ ತೂತಿನ ಕಳ್ಳ ಮನೆ ಬಿಟ್ಟಾಗಿತ್ತು. ಒಣಮರದೊಳಗೇ ಸಂಸಾರ ಮಾಡುವ ಒಂದು ಜಾತಿ ಗೆದ್ದಲೂ ಇದೆಯಂತೆ. ಅದು ಉದುರಿಸುವುದು ಗಸಗಸೆಯಂಥ ಕಾಳು, ಹಿಟ್ಟಲ್ಲ. ಆಚಾರ್ರು ತೂತುಗಳಿಗೆ ಸಿರಿಂಜಿನಲ್ಲಿ ಔಷಧಿ ಬಿಟ್ಟು ಮೇಣ ತುಂಬಿದರು. ಮಂಚದ ಕತೆ ಅಲ್ಲಿಗೆ ಮುಗಿಯಿತು.

ಕೈ ತೊಳೆಯಲು ಬಚ್ಚಲಿಗೆ ಹೋದವರು ಅಭ್ಯಾಸಬಲದಿಂದ ಬಾಗಿಲ ಚೌಕಟ್ಟಿಗೆ ಸ್ಕ್ರೂಡ್ರೈವರಿನ ಹಿಡಿಯಲ್ಲಿ ಟಕ್ ಟಕ್ ಎಂದು ಬಡಿದರು. ನಿಂತರು. ಸ್ವಲ್ಪ ಕೆಳಗೆ ಬಡಿದರು. ರಟ್ಟಿನ ಡಬ್ಬ ಬಡಿದ ಹಾಗೆ ಸದ್ದು. ತುದಿಯನ್ನು ಸುಮ್ನೆ ಒತ್ತಿದರು ನೋಡಿ, ಹಿಡಿಯವರೆಗೂ ಒಳಗೆ ಹೋಯಿತು. ಬೆಣ್ಣೆಗೆ ಚಾಕು ಇಳಿದಂತೆ. ಎಳೆದಾಗ ಅದರ ಹಿಂದೆಯೇ ಮಣ್ಣು, ಮಣ್ಣಿನ ಜೊತೆ ಬೆಳ್ಳಗಿನ ಹುಳುಗಳು. ಇವು ನಿಜವಾದ ಗೆದ್ದಲು. ಹೊರಗಡೆ ಹೋದ ದೀಪಾವಳಿಗೆ ಹೊಡೆಸಿದ ಬಣ್ಣ ಫಳಫಳ ಅಂತಿತ್ತು. ಬಣ್ಣ ಒಂದನ್ನೇ ಬಿಟ್ಟು ಮಿಕ್ಕಿದ್ದೆಲ್ಲ ತಿಂದಿದ್ದವು.

ನನಗೆ ನಾಚಿಕೆಯಾಗಿದ್ದು ಆಮೇಲೆ. ಆ ಬಾಗಿಲ ಹಿಂದೆ ಗೋಡೆ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಬರುತ್ತಿತ್ತು. ಕುಂಬಾರ ಹುಳ ಗೂಡು ಕಟ್ಟುತ್ತಿದೆ ಎಂದುಕೊಂಡು ಒಂದು ವರ್ಷದಿಂದ ಪ್ರತಿ ಶನಿವಾರ ಒದ್ದೆಬಟ್ಟೆಯಲ್ಲಿ ಒರೆಸುತ್ತಿದ್ದೆ. ಅದು ಅವುಗಳ ರಸ್ತೆ. ಮೈ ಒಣಗಿದರೆ ಈ ಹುಳು ಬದುಕುವುದಿಲ್ಲ. ಅದಕ್ಕೇ ನೆಲದಿಂದ ಮರದವರೆಗೆ ಮಣ್ಣಿನ ಸುರಂಗ ಕಟ್ಟಿಕೊಂಡು ಓಡಾಡುತ್ತವೆ. ನಾನು ಒರೆಸಿದಷ್ಟೂ ಸಲ ಅವು ರಿಪೇರಿ ಮಾಡಿಕೊಂಡವು. ನಮ್ಮ ಬೀದಿಯ ರಸ್ತೆಗೆ ಅಂಥ ಕಂಟ್ರಾಕ್ಟರ್ ಸಿಗಬೇಕಿತ್ತು.

ಹಿಂದಿನ ಜೂನಿನಲ್ಲಿ ಮೊದಲ ಮಳೆ ಬಿದ್ದ ರಾತ್ರಿ ಟ್ಯೂಬ್‌ಲೈಟ್ ಸುತ್ತ ಮಳೆಹುಳ ಮುತ್ತಿದ್ದೂ ನೆನಪಾಯಿತು. ಬೆಳಿಗ್ಗೆ ಒಂದು ಮೊರ ರೆಕ್ಕೆ ಗುಡಿಸಿದ್ದೆ. ಅವೂ ಗೆದ್ದಲೇ. ಹೊಸ ಮನೆ ಹುಡುಕಿ ಹೊರಟ ರಾಜ ರಾಣಿಯರು. ಹೊರಗಿಂದ ಬಂದಿದ್ದರೆ ಸರಿ. ಆದರೆ ನಮ್ಮಲ್ಲಿ ಕಿಟಕಿ ಮುಚ್ಚಿತ್ತು.

ಇಷ್ಟಕ್ಕೂ ಅವು ಬಚ್ಚಲಿಗೇ ಯಾಕೆ ಬಂದವು ಎಂದರೆ ಗೋಡೆಯೊಳಗೆ ಗೀಸರ್ ಪೈಪಿನ ಜಾಯಿಂಟ್ ಸಣ್ಣಗೆ ಸೋರುತ್ತಿತ್ತು. ಗೋಡೆ ಯಾವಾಗಲೂ ತೇವ. ಅಲ್ಲಿಂದ ಚೌಕಟ್ಟು, ಚೌಕಟ್ಟಿನಿಂದ ಮೇಲಿನ ಸಜ್ಜಾ. ಸಜ್ಜಾದ ಮೇಲೆ ನಮ್ಮ ಯಜಮಾನರು "ಗ್ಯಾರಂಟಿಗೆ ಬೇಕಾಗುತ್ತೆ" ಎಂದು ಆರು ವರ್ಷದಿಂದ ಇಟ್ಟಿದ್ದ ಟಿವಿ ರಟ್ಟಿನ ಪೆಟ್ಟಿಗೆ. ಎತ್ತಲು ಹೋದರೆ ಕೈಗೆ ಬಂದಿದ್ದು ಥರ್ಮಾಕೋಲ್ ಮಾತ್ರ. ಅದರ ಕೆಳಗಿದ್ದ ನನ್ನ ಬಿ.ಎಡ್. ರೆಕಾರ್ಡ್ ಪುಸ್ತಕಗಳೂ ಹೋದವು. ಪಾಠಯೋಜನೆಗಳು ಹೋಗಿದ್ದಕ್ಕೆ ಬೇಸರವಿಲ್ಲ. ನಡುವೆ ಇಟ್ಟಿದ್ದ ಹಾಸ್ಟೆಲಿನ ಗ್ರೂಪ್ ಫೋಟೋದಲ್ಲಿ ಈಗ ನಮ್ಮ ಸೀರೆಗಳಿವೆ, ತಲೆಗಳಿಲ್ಲ.

ಮೊದಲು ಪ್ಲಂಬರ್, ಆಮೇಲೆ ಔಷಧಿ. ಈ ಕ್ರಮ ತಪ್ಪಿದರೆ ದುಡ್ಡು ದಂಡ ಅಂತ ನನಗನ್ನಿಸುತ್ತದೆ. ಎರಡನೇ ಸಲ ಬಂದ ಹುಳ ಹೊಡೆಯುವವರು ಬೇರೆ. ಇಮಿಡಾಕ್ಲೋಪ್ರಿಡ್ ಎಂದು ಹೆಸರು ಹೇಳಿದರು, ಸೀಲ್ ಒಡೆಯದ ಬಾಟಲಿ ತೋರಿಸಿದರು. ಗೋಡೆಯೂ ನೆಲವೂ ಸೇರುವ ಕಡೆ ಒಂದೊಂದು ಅಡಿಗೆ ಒಂದರಂತೆ 12 ಮಿಲಿಮೀಟರ್ ತೂತು ಕೊರೆದು, ತೂತಿಗೆ ಸುಮಾರು ಒಂದು ಲೀಟರ್ ಔಷಧಿ ನೀರು ಇಳಿಸಿ, ಸಿಮೆಂಟಿನಲ್ಲಿ ಮುಚ್ಚುವುದು. ಭಾರತೀಯ ಮಾನಕ ಐಎಸ್ 6313ರ ಮೂರನೇ ಭಾಗದಲ್ಲಿ ಹಳೆ ಮನೆಗಳಿಗೆ ಹೇಳಿರುವುದೂ ಇದನ್ನೇ. ಡ್ರಿಲ್ ಸದ್ದಿಗೆ ಅತ್ತೆ ಪಕ್ಕದ ಮನೆಗೆ ಹೋಗಿ ಕೂತರು. ಎರಡು ಟೈಲ್ಸ್ ಸೀಳಿದವು.

ಹಿತ್ತಲ ಕಡೆ ಮಾತ್ರ ಔಷಧಿ ಹಾಕಲು ನಾನು ಬಿಡಲಿಲ್ಲ. ಗೋಡೆಯಿಂದ ಎಂಟು ಅಡಿ ದೂರಕ್ಕೆ ಬಾವಿ ಇದೆ. ಆ ನೀರನ್ನೇ ಕುಡಿಯುತ್ತೇವೆ. ಅವರೂ ಒಪ್ಪಿದರು. ಆ ಪಕ್ಕ ಗೋಡೆಗೆ ಒರಗಿಸಿದ್ದ ಸೌದೆ, ಹಳೆ ಹಲಗೆ, ತೆಂಗಿನ ಗರಿ ಎಲ್ಲ ದೂರ ಹಾಕಿಸಿ ಸುಮ್ಮನಾದೆವು.

ಬಚ್ಚಲಿಗೆ ಈಗ ಗ್ರಾನೈಟ್ ಚೌಕಟ್ಟು, ಪಿವಿಸಿ ಬಾಗಿಲು. ನೋಡಲು ಚೆನ್ನಾಗಿಲ್ಲ. ಅತ್ತೆ ಅದನ್ನು ಆಸ್ಪತ್ರೆ ಬಾಗಿಲು ಅಂತಲೇ ಕರೆಯುತ್ತಾರೆ. ಉಳಿದ ಚೌಕಟ್ಟುಗಳನ್ನು ನಾನು ಓಡಾಡುವಾಗ ಬೆರಳಲ್ಲಿ ಬಡಿಯುತ್ತೇನೆ. ಮಗ ಒಳಗಿಂದ "ಯಾರು?" ಅಂತಾನೆ.

ಜುಲೈಯಲ್ಲಿ ಅತ್ತೆಯ ತಮ್ಮ ಊರಿಂದ ಬಂದರು, ಬಾಳೆಲೆಯಲ್ಲಿ ಸುತ್ತಿದ ಅಣಬೆ ಹಿಡಿದುಕೊಂಡು. ತೋಟದ ಹುತ್ತದ ಮೇಲೆ ಎದ್ದಿದ್ದು. ಗೆದ್ದಲು ತಿಂದ ಸೌದೆ, ತರಗೆಲೆಯನ್ನು ಹುತ್ತದೊಳಗೆ ಗೊಬ್ಬರದಂತೆ ಪೇರಿಸಿ ಬೂಷ್ಟು ಬೆಳೆಸುತ್ತದೆ. ಆ ಬೂಷ್ಟೇ ಮಳೆಗಾಲದಲ್ಲಿ ಮೇಲೆದ್ದು ಅಣಬೆಯಾಗುವುದು. ಅತ್ತೆ ಕಾಯಿ ಅರೆದು ಸಾರು ಮಾಡಿದರು. ನಾನು ಮೂರು ಸಲ ಬಡಿಸಿಕೊಂಡೆ. "ತಿನ್ನು, ತಿನ್ನು. ನಿನ್ನ ಬಾಗಿಲು ತಿಂದವರ ನೆಂಟರು ಬೆಳೆದಿದ್ದು" ಎಂದರು.